ಏಳು ಕಿಲೊ, ಒಂದು ಸಂಚಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನಾಡಿದ ಮಾತು ರಾತ್ರಿ ನನಗೆ ನಿದ್ದೆ ಬರಗೊಡಲಿಲ್ಲ. "ಕೈಚೀಲಕ್ಕೆ ಏಳು ಕಿಲೊ ಅಂತ ಬರೆದಿರ್ತಾರೆ ಅಷ್ಟೇ ಅಜ್ಜಿ, ಯಾರೂ ತೂಗಲ್ಲ. ತೂಗಿದ್ರೂ ಉಪಾಯ ಇದೆ" ಅಂದೆ. ಉಪಾಯಗಳನ್ನೂ ಹೇಳಿದೆ. ಜರ್ಕಿನ್ನಿನ ಜೇಬುಗಳಿಗೆ ಚಾರ್ಜರು, ಪುಸ್ತಕ. ಮೈಮೇಲೆ ಎರಡು ಸ್ವೆಟರು. ತೂಕದ ಹೊತ್ತಿಗೆ ಒಂದು ಬ್ಯಾಗು ಗೆಳತಿಯ ಕೈಗೆ, ಅವಳು ಕಂಬದ ಹಿಂದೆ. ಮುಂದಿನ ವಾರ ದೆಹಲಿಗೆ ಹೊರಟಿದ್ದೀಯ, ಮೊದಲ ಕೆಲಸ, ಮೊದಲ ವಿಮಾನ. ನೀನು ಕೆ.ಆರ್. ಪುರದ ರೂಮಿನಲ್ಲಿ ಬ್ಯಾಗು ತುಂಬುತ್ತಿದ್ದೀಯ, ನಾನು ಹಲಸೂರಿನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಅರ್ಧಕ್ಕೇ "ಆಯ್ತು ಅಜ್ಜಿ" ಅಂದುಬಿಡುತ್ತೀಯ. ಕಾಗದವನ್ನು ಪೂರ್ತಿ ಓದುತ್ತೀಯ ಅನ್ನೋ ನಂಬಿಕೆ ನನಗಿದೆ.

ಮೂವತ್ತು ವರ್ಷಕ್ಕೂ ಮೇಲೆ ನಾನು ವಿಮಾನ ನಿಲ್ದಾಣದ ಕೌಂಟರಿನ ಹಿಂದೆ ನಿಂತವಳು. 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ಶುರುವಾಗುವ ತನಕ ಎಚ್‌ಎಎಲ್ ನಿಲ್ದಾಣದಲ್ಲಿ, ಆಮೇಲೆ ನಿವೃತ್ತಿಯ ತನಕ ದೇವನಹಳ್ಳಿಯಲ್ಲಿ. ದೊಮ್ಮಲೂರು ದಾಟಿದರೆ ಕೆಲಸದ ಜಾಗ ಅನ್ನುವ ಕಾಲ ಹೋಗಿ, ರಾತ್ರಿ ಎರಡಕ್ಕೆ ಗಾಡಿ ಬಂದು ಬಾಗಿಲಲ್ಲಿ ನಿಲ್ಲುವ ಕಾಲ ಬಂತು. ಎರಡೂ ಕಡೆ ಒಂದೇ ಥರ ಇದ್ದದ್ದು, ಕೈಚೀಲದ ತೂಕ ಮುಚ್ಚಿಡುವವರ ನಡಿಗೆ. ಹನ್ನೆರಡು ಕಿಲೊ ಹೊತ್ತ ಭುಜ ಐದು ಕಿಲೊ ಹೊತ್ತ ಹಾಗೆ ನಟಿಸಲಾರದು. ಪಟ್ಟಿ ಹೆಗಲನ್ನು ಕಚ್ಚಿರುತ್ತದೆ, ಕತ್ತು ಒಂದು ಕಡೆ ಸೆಟೆದಿರುತ್ತದೆ. ನಿನ್ನ ಉಪಾಯಗಳು ನೀನು ಹುಟ್ಟುವ ಮೊದಲೇ ನಮಗೆ ಗೊತ್ತಿದ್ದವು ಕಣೇ. ಎಷ್ಟೋ ಸಲ ಗೊತ್ತಿದ್ದೂ ಸುಮ್ಮನಾಗುತ್ತಿದ್ದೆ. ಎಳೆ ಮುಖ ಕಂಡರೆ ನಮ್ಮ ಮನೆಯ ಮಕ್ಕಳ ನೆನಪಾಗುತ್ತಿತ್ತು. ಅದನ್ನು ದಯೆ ಅಂದುಕೊಂಡಿದ್ದೆ.

ಅದು ದಯೆಯಲ್ಲ ಅಂತ ತಿಳಿದದ್ದು ಒಂದು ಸಂಜೆ. ಹತ್ತಿಸುವ ಕೆಲಸ ಮುಗಿಸಿ ಕಾಗದ ಕೊಡಲು ವಿಮಾನದ ಬಾಗಿಲಿಗೆ ಹೋಗಿದ್ದೆ. ಕೊನೆಗೆ ಹತ್ತಿದವರು ವಯಸ್ಸಾದ ಗಂಡ ಹೆಂಡತಿ. ಅವರದು ಒಂದೇ ಒಂದು ಬಟ್ಟೆಯ ಚೀಲ, ನಾಲ್ಕು ಕಿಲೊ ಇದ್ದೀತು. ಅವರ ಆಸನದ ಮೇಲಿನ ಖಾನೆ ಯಾರದೋ ಚಕ್ರದ ಪೆಟ್ಟಿಗೆಗಳಿಂದ ತುಂಬಿತ್ತು. ಹಿಂದೆಯೂ ಜಾಗ ಇಲ್ಲ, ಮುಂದೆಯೂ ಇಲ್ಲ. ಕೊನೆಗೆ ಆ ಚೀಲವನ್ನೇ ಇಸಿದುಕೊಂಡು ಕೆಳಗೆ ಕಳಿಸಬೇಕಾಯಿತು. ಆ ತಾಯಿ ಚೀಲ ಬಿಡಲಾರದೆ, "ಇವರ ಮಾತ್ರೆ ಅದರಲ್ಲೇ ಇದೆಯಮ್ಮ" ಅಂದರು. ನಾನೇ ಮಾತ್ರೆಯ ಡಬ್ಬಿ ಹುಡುಕಿ ತೆಗೆದುಕೊಟ್ಟೆ. ನಿಯಮ ಪಾಲಿಸಿದವರ ಚೀಲ ಕೆಳಗೆ ಹೋಯಿತು, ಪಾಲಿಸದವರದು ಮೇಲೆ ಉಳಿಯಿತು. ಆ ಪೆಟ್ಟಿಗೆಗಳಲ್ಲಿ ಎರಡನ್ನು ಕೌಂಟರಿನಲ್ಲಿ ಕಂಡೂ ಬಿಟ್ಟವಳು ನಾನೇ.

ಒಂದು ಲೆಕ್ಕ ಹಾಕು. 180 ಆಸನದ ವಿಮಾನ, ತಲೆಗೆ 7 ಕಿಲೊ ಅಂದರೆ 1,260 ಕಿಲೊ. ಒಬ್ಬೊಬ್ಬರೂ "ಮೂರೇ ಮೂರು ಕಿಲೊ ತಾನೇ" ಅಂತ ಸೇರಿಸಿದರೆ 540 ಕಿಲೊ ಹೆಚ್ಚುತ್ತದೆ. ಒಂದು ದೊಡ್ಡ ಎಮ್ಮೆಯನ್ನು ಗುಟ್ಟಾಗಿ ವಿಮಾನ ಹತ್ತಿಸಿದ ಹಾಗೆ. ನಮ್ಮನ್ನು ಯಾರೂ ಒಬ್ಬೊಬ್ಬರಾಗಿ ತೂಗುವುದಿಲ್ಲ. ಜನರಿಗೂ ಅವರ ಕೈಚೀಲಕ್ಕೂ ಸೇರಿಸಿ ಒಂದು ಸರಾಸರಿ ಹಿಡಿದು, ಅದರ ಮೇಲೆ ವಿಮಾನದ ಭಾರ, ಸಮತೋಲ, ಎಣ್ಣೆ ಎಲ್ಲ ನಿಗದಿಯಾಗುತ್ತದೆ. ನಿನ್ನ ಮುತ್ತಜ್ಜ ಎಚ್‌ಎಎಲ್‌ನಲ್ಲಿ ಫಿಟರ್ ಆಗಿದ್ದರು. ಪಾಳಿ ಮುಗಿದಾಗ ಒಂದು ಸ್ಪ್ಯಾನರ್ ಕಡಿಮೆ ಬಿದ್ದರೂ ಎಲ್ಲರೂ ನಿಂತು ಹುಡುಕಬೇಕು, ಸಿಗುವ ತನಕ ಯಾರೂ ಮನೆಗಿಲ್ಲ. ನಮ್ಮಮ್ಮ ಅನ್ನ ಮುಚ್ಚಿಟ್ಟು ಕಾಯುತ್ತಿದ್ದಳು. ತಡವಾಗಿ ಬಂದ ರಾತ್ರಿಗಳಲ್ಲಿ ಅಪ್ಪ ಕೈ ತೊಳೆಯುತ್ತ ಹೇಳುತ್ತಿದ್ದ ಮಾತು ಒಂದೇ: ವಿಮಾನದ ಒಳಗೆ ಲೆಕ್ಕಕ್ಕೆ ಸಿಗದ ವಸ್ತು ಇರಕೂಡದು.

ಆದರೂ ನಿನ್ನ ಕೈ ಯಾಕೆ ಹೆಚ್ಚು ತುಂಬುತ್ತದೆ ಅಂತ ನನಗೆ ಗೊತ್ತು. ಅದು ರೈಲಿನಿಂದ ಬಂದ ಅಭ್ಯಾಸ. ಬೇಸಿಗೆ ರಜೆ ಬಂತೆಂದರೆ ನಾವು ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಬಂಗಾರಪೇಟೆಯ ಅಜ್ಜಿಮನೆಗೆ ಹೊರಡುತ್ತಿದ್ದೆವು. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದು ನಿಂತದ್ದು ಆ ಸ್ಟೇಷನ್ನಿಗೇ. ಒಂದು ತಗಡಿನ ಟ್ರಂಕು, ಒಂದು ಹೋಲ್ಡಾಲು, ನೀರಿನ ಕೂಜಾ, ಹಿತ್ತಾಳೆಯ ಟಿಫಿನ್ ಕ್ಯಾರಿಯರು, ಅಜ್ಜಿಗೆ ಅಂತ ಹಲಸೂರು ಸಂತೆಯ ತರಕಾರಿ. ಕೂಲಿಯವನು ಟ್ರಂಕಿನ ಮೇಲೆ ಹೋಲ್ಡಾಲು ಇಟ್ಟು ತಲೆಗೇರಿಸಿಕೊಂಡರೆ ನಾವು ಮಕ್ಕಳು ಅವನ ಕೆಂಪು ಅಂಗಿ ಹಿಡಿದು ಹಿಂದೆ ಓಡುತ್ತಿದ್ದೆವು. ಬರುವಾಗ ಅಜ್ಜಿ ಅಷ್ಟನ್ನೂ ಇಮ್ಮಡಿ ಮಾಡಿ ಕಳಿಸುತ್ತಿದ್ದಳು. ಕೊಡುವ ಕೈ ಭಾರ ನೋಡುತ್ತಿರಲಿಲ್ಲ, ಭಾರವೇ ಪ್ರೀತಿಯ ಗುರುತಾಗಿತ್ತು. ಇವತ್ತಿಗೂ ರೈಲಿನ ಸ್ಲೀಪರಿನಲ್ಲಿ ತಲೆಗೆ 40 ಕಿಲೊ ಉಚಿತ. ಆ ಲೆಕ್ಕದಲ್ಲಿ ಬೆಳೆದ ಮನೆಗಳು 7 ಕಿಲೊ ಅಂದರೆ ಮುಖ ಸಣ್ಣ ಮಾಡುತ್ತವೆ. ನಿಮ್ಮಮ್ಮ ನಿನಗೆ ಕಟ್ಟಿಕೊಡುವ ಡಬ್ಬಿಗಳ ಪಟ್ಟಿ ನನಗೂ ಗೊತ್ತು.

ಆ ಪ್ರಯಾಣಗಳಲ್ಲಿ ನಮ್ಮಮ್ಮ ಟ್ರಂಕನ್ನು ಕೂಲಿಗೆ ಕೊಟ್ಟಳು, ಟಿಫಿನ್ ಕ್ಯಾರಿಯರನ್ನು ಅಪ್ಪನಿಗೆ ಕೊಟ್ಟಳು, ಕೂಜಾವನ್ನು ನನಗೆ ಕೊಟ್ಟಳು. ಯಾರಿಗೂ ಕೊಡದೆ ಇದ್ದದ್ದು ಸೊಂಟಕ್ಕೆ ಸಿಕ್ಕಿಸಿದ ಸಂಚಿ. ಎಲೆ ಅಡಿಕೆಯ ಸಂಚಿಯೇ, ದಾರ ಎಳೆದರೆ ಬಾಯಿ ಮುಚ್ಚುವಂಥದ್ದು, ಒಳಗೆ ನಾಲ್ಕು ಮಡಿಕೆ. ಒಂದರಲ್ಲಿ ಟಿಕೇಟು, ಒಂದರಲ್ಲಿ ದುಡ್ಡು, ಒಂದರಲ್ಲಿ ಅಡಿಕೆ ಸುಣ್ಣ, ಒಂದರಲ್ಲಿ ಅಪ್ಪನ ಆಸ್ತಮಾ ಮಾತ್ರೆ. ಇದನ್ನು ನೆನಪಿಟ್ಟುಕೊ, ಆಮೇಲೆ ಇದಕ್ಕೇ ಬರುತ್ತೇನೆ.

ಈಗ ಬ್ಯಾಗಿನ ಮಾತು. ನೀನು ಕೊಂಡ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ಮೊದಲು ಖಾಲಿಯಾಗಿ ತೂಗು. ಅಂಥವು ಸುಮಾರಾಗಿ ಎರಡೂವರೆ, ಮೂರು ಕಿಲೊ ಇರುತ್ತವೆ. ನಿನ್ನ 7 ಕಿಲೊದಲ್ಲಿ ಮೂರನ್ನು ಚಕ್ರ ಹಿಡಿಕೆಗಳೇ ನುಂಗಿದರೆ ನಿನಗೆ ಉಳಿದದ್ದೇನು? ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಒಂದು ಕಿಲೊ ಒಳಗಿನ ಬಟ್ಟೆಯ ಬೆನ್ನುಚೀಲ ನೋಡು. ಅಂಗಡಿಯವರು "ಕ್ಯಾಬಿನ್ ಸೈಜ್ ಮೇಡಂ" ಅನ್ನುತ್ತಾರೆ, ಆ ಮಾತು ಸಾಲದು. ಟೇಪು ಒಯ್ದು ಚಕ್ರ, ಹಿಡಿಕೆ, ಹೊರಜೇಬು ಎಲ್ಲ ಸೇರಿಸಿ ಅಳೆದು ತಗೋ. ಇಂಡಿಗೊ ಕೇಳುವುದು 55, 35, 25 ಸೆಂಟಿಮೀಟರು. ಏರ್ ಇಂಡಿಯಾ ಕೇಳುವುದು 55, 40, 20. ಕೂಡಿದರೆ ಎರಡೂ 115, ಆದರೆ ಒಂದರ ಚೌಕಟ್ಟಿಗೆ ಇಳಿದ ಚೀಲ ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದೆ ಜರ್ಮನಿಗೆ ಹೋಗುವ ಆಸೆ ಇದೆ ಅಂದೆಯಲ್ಲ, ಲುಫ್ತಾನ್ಸಾದಲ್ಲಿ 8 ಕಿಲೊ, ಅಳತೆ 55, 40, 23. ಲ್ಯಾಪ್‌ಟಾಪ್ ಚೀಲದ ವಿಷಯದಲ್ಲೂ ಎಲ್ಲರದು ಒಂದೇ ಲೆಕ್ಕವಲ್ಲ. ಇಂಡಿಗೊದಲ್ಲಿ 7 ಕಿಲೊದ ಚೀಲದ ಜೊತೆ 3 ಕಿಲೊವರೆಗಿನ ಪರ್ಸೋ ಲ್ಯಾಪ್‌ಟಾಪ್ ಚೀಲವೋ ಇನ್ನೊಂದು ಒಯ್ಯಬಹುದು. ಕೆಲವರು ಲ್ಯಾಪ್‌ಟಾಪನ್ನೂ 7ರ ಒಳಗೇ ಹಿಡಿಯುತ್ತಾರೆ. ಟಿಕೇಟಿನಲ್ಲಿ ನಿನ್ನ ದರಕ್ಕೆ ಏನು ಬರೆದಿದೆಯೋ ಅದನ್ನೇ ಓದು. ಗೆಳತಿ ಹೇಳಿದ್ದು ಅವಳ ಟಿಕೇಟಿನ ಮಾತು.

ತೂಗಲು ದೊಡ್ಡ ಯಂತ್ರ ಬೇಕಿಲ್ಲ. ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಶಿವಾಜಿನಗರದಲ್ಲಿ ಸಿಗುತ್ತದೆ. ನನ್ನದು ರಸೆಲ್ ಮಾರ್ಕೆಟ್ ಹತ್ತಿರ ಕೊಂಡದ್ದು, ಇನ್ನೂ ಮೊಳೆಗೆ ನೇತಾಡುತ್ತಿದೆ. ಅದೂ ಬೇಡವೆಂದರೆ ನಿಮ್ಮ ಬೀದಿಯ ದಿನಸಿ ಅಂಗಡಿಯವರನ್ನೋ ಹಳೇ ಪೇಪರ್ ಅಂಗಡಿಯವರನ್ನೋ ಕೇಳು, ಬೇಡ ಅನ್ನುವುದಿಲ್ಲ. ಆರೂವರೆ ತೋರಿಸಿದರೆ ನಿಲ್ಲಿಸು. ಆ ಅರ್ಧ ಕಿಲೊ ಬರುವಾಗಿನದು. ಆಮೇಲೆ ಚೀಲವನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹತ್ತು ಎಣಿಸು. ಕೈ ನಡುಗಿದರೆ ಇನ್ನಷ್ಟು ತೆಗೆ. ವಿಮಾನದ ಒಳಗೆ ನಿನ್ನ ಬ್ಯಾಗನ್ನು ಎತ್ತಿಡಲು ಗಗನಸಖಿಯನ್ನು ಕರೆಯಬೇಡ. ದಿನಕ್ಕೆ ನಾಲ್ಕು ವಿಮಾನ ಹಾರುವ ಹುಡುಗಿ ಒಂದೊಂದರಲ್ಲೂ ಹತ್ತು ಜನರ ಬ್ಯಾಗು ಎತ್ತಿದರೆ ಅವಳ ಬೆನ್ನಿಗೇನಾಗಬೇಕು? ಖಾನೆಯಿಂದ ಜಾರುವ ಚೀಲ ಬೀಳುವುದು ಯಾವಾಗಲೂ ಕೆಳಗೆ ಕೂತವರ ತಲೆ ಮೇಲೆ, ಇಟ್ಟವರ ಮೇಲಲ್ಲ.

ಇನ್ನು ಒಳಗೇನಿರಬೇಕು ಅನ್ನೋದು. ನಿನ್ನ ಪವರ್ ಬ್ಯಾಂಕು ಕೈಯಲ್ಲೇ ಇರಬೇಕು, ಚೆಕ್‌ಇನ್ ಬ್ಯಾಗಿಗೆ ಹಾಕಲೇಬಾರದು. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡರೆ ಮೇಲಿದ್ದಾಗ ಯಾರಾದರೂ ನೋಡಿ ಆರಿಸುತ್ತಾರೆ, ವಿಮಾನದ ಹೊಟ್ಟೆಯಲ್ಲಿದ್ದರೆ ನೋಡುವವರಾರು? 100 ವಾಟ್-ಅವರ್ ಒಳಗಿನದಕ್ಕೆ ಯಾರನ್ನೂ ಕೇಳಬೇಕಿಲ್ಲ. ನಿನ್ನದು 20,000 ಎಂಎಎಚ್ ಅಂದರೆ 3.7 ವೋಲ್ಟಿನಿಂದ ಗುಣಿಸಿದರೆ 74, ತೊಂದರೆಯಿಲ್ಲ. ಅದನ್ನು ಮೇಲಿನ ಖಾನೆಗೆ ತಳ್ಳಬೇಡ, ಹತ್ತಿರ, ಕಣ್ಣಿಗೆ ಕಾಣುವ ಕಡೆ ಇರಲಿ. 2025ರ ಜನವರಿ 28ರಂದು ಕೊರಿಯದ ಬುಸಾನಿನಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಹತ್ತಿದ್ದು ತಲೆ ಮೇಲಿನ ಖಾನೆಯಿಂದ. ತನಿಖೆಯವರು ಬೆರಳು ತೋರಿಸಿದ್ದು ಅದರೊಳಗಿದ್ದ ಪವರ್ ಬ್ಯಾಂಕಿನ ಕಡೆಗೆ. ಎಲ್ಲರೂ ಇಳಿದು ಬದುಕಿದರು, ವಿಮಾನ ಸುಟ್ಟುಹೋಯಿತು. ಅದೇ ವರ್ಷ ಅಕ್ಟೋಬರ್ 19ರಂದು ದೆಹಲಿಯಲ್ಲಿ ದಿಮಾಪುರಕ್ಕೆ ಹೊರಟ ಇಂಡಿಗೊ ವಿಮಾನ ಇನ್ನೂ ನೆಲದ ಮೇಲಿರುವಾಗಲೇ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕ್ ಹೊತ್ತಿಕೊಂಡಿತು. ಕಣ್ಣೆದುರೇ ಇದ್ದದ್ದರಿಂದ ಸಿಬ್ಬಂದಿ ಕ್ಷಣದಲ್ಲಿ ಆರಿಸಿದರು.

ಕೊಬ್ಬರಿಯ ವಿಷಯ ಹೇಳಲೇಬೇಕು, ಯಾಕೆಂದರೆ ಅದು ನಮ್ಮವರಿಗೆ ಅರ್ಥವಾಗುವುದೇ ಕಷ್ಟ. ದೇವನಹಳ್ಳಿಗೆ ಹೋದ ಮೇಲಿನ ಮಾತು. ಹೊಸದಾಗಿ ಮದುವೆಯಾದ ಹುಡುಗಿ, ಕೈತುಂಬ ಹಸಿರು ಬಳೆ, ಗಂಡನ ಜೊತೆ ಮುಂಬೈಗೆ ಹೊರಟಿದ್ದಳು. ಸೆಕ್ಯುರಿಟಿಯಿಂದ ಅಳುತ್ತ ವಾಪಸ್ ನನ್ನ ಹತ್ತಿರ ಬಂದಳು. ಅವಳ ತಾಯಿ ಮಡಿಲು ತುಂಬಿ ಕಳಿಸಿದ್ದರು, ಅಕ್ಕಿ, ಬೆಲ್ಲ, ಅರಿಶಿನ ಕುಂಕುಮ, ಎರಡು ಕೊಬ್ಬರಿ ಗಿಟುಕು. ಕೊಬ್ಬರಿ ಬಿಡುವುದಿಲ್ಲ, ಇಲ್ಲೇ ಹಾಕಿ ಅಂದಿದ್ದಾರೆ. ಮಡಿಲಕ್ಕಿಯ ಕೊಬ್ಬರಿಯನ್ನು ಕಸದ ಡಬ್ಬಿಗೆ ಹಾಕುವುದು ಹೇಗೆ? ಕಾವಲಿನವರ ತಪ್ಪಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಗಾಳಿಯಾಡದ ಕಡೆ ರಾಶಿ ಬಿದ್ದರೆ ತಾನಾಗಿ ಕಾವೇರುತ್ತದೆ. ಅದಕ್ಕೇ ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಅನ್ನೋ ಸಂಖ್ಯೆಯೇ ಇದೆ. ಇದನ್ನೆಲ್ಲ ಆ ಹೊತ್ತಿನಲ್ಲಿ ಆ ಹುಡುಗಿಗೆ ಹೇಳಿ ಏನು ಫಲ? ಅವಳ ತಾಯಿ ಗಾಜಿನ ಆಚೆ ಇನ್ನೂ ನಿಂತಿದ್ದರು. ಗಿಟುಕುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಅವರ ಸೆರಗಿಗೇ ಹಾಕಿದೆ. "ಮನೆ ದೇವರ ಮುಂದೆ ಇಟ್ಟಿರಿ, ಮಗಳು ಮೊದಲ ಹಬ್ಬಕ್ಕೆ ಬಂದಾಗ ಕೊಡಿ" ಅಂದೆ. ಅವರು ಕಣ್ಣೊರೆಸಿಕೊಂಡು ಒಂದು ಗಿಟುಕು ಮುರಿದು ಅರ್ಧ ನನಗೇ ಕೊಟ್ಟರು.

ನಿಯಮ ಮಾಡುವವರಿಗೂ ಇಂಥದ್ದು ಕಾಣುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. ಶಬರಿಮಲೆಗೆ ಹೋಗುವವರ ಇರುಮುಡಿಯಲ್ಲಿ ತುಪ್ಪ ತುಂಬಿದ ಕಾಯಿ ಇರಲೇಬೇಕು, ಅದನ್ನು ತಲೆಯಿಂದಿಳಿಸಿ ಸರಕಿನ ಜೊತೆ ಕಳಿಸಲು ಅಯ್ಯಪ್ಪ ಮಾಲೆ ಹಾಕಿದವರಿಗೆ ಮನಸ್ಸೊಪ್ಪದು. 2024ರ ಅಕ್ಟೋಬರಿನಲ್ಲಿ ವಿಮಾನಯಾನ ಭದ್ರತಾ ಬ್ಯೂರೊ ಆ ಯಾತ್ರೆಯ ಕಾಲಕ್ಕೆ ಮಾತ್ರ, 2025ರ ಜನವರಿ 20ರ ತನಕ, ತಪಾಸಣೆ ಮಾಡಿಸಿ ಕಾಯನ್ನು ಕೈಯಲ್ಲೇ ಒಯ್ಯಲು ಬಿಟ್ಟಿತು. ಕೇಳಿ ಪಡೆದ ದಾರಿ ಅದು. ಕಂಬದ ಹಿಂದೆ ಬಚ್ಚಿಟ್ಟು ಪಡೆದದ್ದಲ್ಲ.

ನಿನಗೆ ನಾನು ಮಾಡಿಟ್ಟಿರುವ ಚಟ್ನಿಪುಡಿ, ನಿಮ್ಮಮ್ಮನ ಮಾವಿನಮಿಡಿ ಉಪ್ಪಿನಕಾಯಿ, ತುಪ್ಪ, ಇವೆಲ್ಲ ಚೆಕ್‌ಇನ್ ಬ್ಯಾಗಿಗೆ. ಖಾರದ ಪುಡಿಯನ್ನಂತೂ ಕೈಚೀಲದಲ್ಲಿ ಬಿಡುವುದೇ ಇಲ್ಲ, ಕಣ್ಣಿಗೆರಚುವ ವಸ್ತು ಅದು. ಉಪ್ಪಿನಕಾಯಿಗೆ ಎರಡು ಕವರು, ಮೇಲೊಂದು ಹಳೇ ಟವೆಲ್ಲು. ಹೊರದೇಶಕ್ಕೆ ಹೋಗುವ ದಿನ ಬಂದಾಗ ನೀರಿನಂಥದ್ದು, ಪೇಸ್ಟಿನಂಥದ್ದು ಒಂದೊಂದೂ 100 ಮಿಲಿಲೀಟರಿನ ಒಳಗೆ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲಕ್ಕೆ. 2006ರ ಆಗಸ್ಟ್ 10ರಂದು ಲಂಡನ್ನಿನಲ್ಲಿ, ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ಒಯ್ಯುವ ಸಂಚು ಬಯಲಾದ ಮೇಲೆ ಬಂದದ್ದು ಅದು. ಆ ದಿನಗಳಲ್ಲಿ ಎಚ್‌ಎಎಲ್ ನಿಲ್ದಾಣದಲ್ಲಿ ಅಮೆರಿಕಕ್ಕೆ ಬಾಣಂತನಕ್ಕೆ ಹೊರಟ ತಾಯಂದಿರ ಕೈಯಿಂದ ನೀಲಗಿರಿ ಎಣ್ಣೆ, ಅಷ್ಟೇಕೆ, ತಲೆಗೂದಲೆಣ್ಣೆಯ ಬಾಟಲಿಗಳನ್ನು ಇಸಿದುಕೊಳ್ಳುವಾಗ ನಮಗೂ ಸಂಕಟವಾಗುತ್ತಿತ್ತು.

ಒಂದೇ ಕೈಚೀಲ ಅನ್ನೋ ನಿಯಮ ವಿಮಾನ ಸಂಸ್ಥೆಗಳ ಹಣದಾಸೆಯಿಂದ ಬಂದದ್ದು ಅಂತ ನೀನು ಅಂದೆ. ಅದು ಭದ್ರತಾ ಬ್ಯೂರೊ 2000ನೇ ಇಸವಿಯಲ್ಲೇ ಹಾಕಿದ ನಿಯಮ. ಎಕ್ಸ್‌ರೇ ಮುಂದೆ ಕೂತವರು ಒಂದೊಂದು ಚೀಲವನ್ನೂ ನೋಡಲೇಬೇಕು. ತಲೆಗೆ ಎರಡು ಮೂರು ಚೀಲವಾದರೆ ಸಾಲು ಬೆಳೆಯುತ್ತದೆ, ನೋಡುವ ಕಣ್ಣು ದಣಿಯುತ್ತದೆ. ದಣಿದ ಕಣ್ಣು ಬಿಡಬಾರದ್ದನ್ನು ಬಿಡುತ್ತದೆ. ಮೊದಲೆಲ್ಲ ಕೈಚೀಲಕ್ಕೊಂದು ರಟ್ಟಿನ ಚೀಟಿ ಕಟ್ಟಿ ಅದರ ಮೇಲೆ ಸಿಐಎಸ್‌ಎಫ್‌ನವರು ಮೊಹರು ಒತ್ತುತ್ತಿದ್ದರು, ಮೊಹರಿಲ್ಲದಿದ್ದರೆ ಗೇಟಿನಿಂದ ವಾಪಸ್. ಬೆಂಗಳೂರೂ ಸೇರಿ ಏಳು ನಿಲ್ದಾಣಗಳಲ್ಲಿ ಅದು 2017ರ ಏಪ್ರಿಲ್‌ನಿಂದ ನಿಂತಿತು. ಚೀಟಿ ಹೋಯಿತು, ಕಣ್ಣಿನ ಕೆಲಸ ಹೋಗಲಿಲ್ಲ.

ಗೇಟಿನಲ್ಲಿ ಇನ್ನೊಂದು ನಡೆಯುತ್ತದೆ. ವಿಮಾನ ತುಂಬಿದ್ದರೆ, ಇಲ್ಲವೆ ಶಿವಮೊಗ್ಗಕ್ಕೆ ಹಾರುವಂಥ ಎಟಿಆರ್ ಆದರೆ, ನಿನ್ನ ಚೀಲ ಅಳತೆಯೊಳಗಿದ್ದರೂ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಎಟಿಆರ್ ವಿಮಾನದ ಖಾನೆಗಳೇ ಚಿಕ್ಕವು. ನಗುತ್ತ ಕೊಡು, ಆದರೆ ಕೊಡುವ ಮೊದಲು ಪವರ್ ಬ್ಯಾಂಕ್ ಹೊರತೆಗೆ, ಮಾತ್ರೆ ತೆಗೆ, ಮನೆಯ ಕೀಲಿಕೈ ತೆಗೆ. ನನಗೇ ಆದದ್ದು ಕೇಳು. ನಿವೃತ್ತಿಯಾದ ಮೇಲೆ ನಿಮ್ಮ ದೊಡ್ಡಮ್ಮನ ಮನೆಗೆ ಹೋಗುವಾಗ ಗೇಟಿನಲ್ಲಿ ಚೀಲ ಕೊಟ್ಟೆ. ಅವಸರದಲ್ಲಿ ಬಿಪಿ ಮಾತ್ರೆಯನ್ನು ಒಳಗೇ ಬಿಟ್ಟಿದ್ದೆ. ಇಳಿದಾಗ ಚೀಲ ಬರಲಿಲ್ಲ, ಮರುದಿನ ಮಧ್ಯಾಹ್ನ ಮನೆಗೆ ತಂದುಕೊಟ್ಟರು. ರಾತ್ರಿಯಿಡೀ ನಿಮ್ಮ ದೊಡ್ಡಪ್ಪ ಔಷಧದ ಅಂಗಡಿ ಹುಡುಕಿ ಅಲೆದರು. ಸಾವಿರಾರು ಜನರಿಗೆ "ಔಷಧ ಕೈಯಲ್ಲಿರಲಿ" ಅಂತ ಹೇಳಿದವಳು ನಾನು.

ಕೌಂಟರಿನವರ ಜೊತೆ ಜಗಳಕ್ಕೆ ನಿಲ್ಲಬೇಡ, ಪುಟ್ಟಿ. ಹೆಚ್ಚು ತೂಗಿದರೆ ಪಕ್ಕಕ್ಕೆ ಸರಿದು ತೆಗೆದು ಹೊಂದಿಸು, ಇಲ್ಲವೆ ದುಡ್ಡು ಕಟ್ಟು. 2025ರ ಜುಲೈ 26ರಂದು ಶ್ರೀನಗರದ ನಿಲ್ದಾಣದಲ್ಲಿ ಎರಡು ಕೈಚೀಲ, 16 ಕಿಲೊ, ಹೆಚ್ಚಿನ ಹಣ ಕೇಳಿದ್ದಕ್ಕೆ ಒಬ್ಬ ಪ್ರಯಾಣಿಕ ಕೈಮಾಡಿ ನಾಲ್ವರು ಸಿಬ್ಬಂದಿಗೆ ಪೆಟ್ಟಾಯಿತು ಅಂತ ಆ ವಿಮಾನ ಸಂಸ್ಥೆ ದೂರು ಕೊಟ್ಟಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿ ನಿಂತಿರುವವರು ನಿನ್ನ ವಯಸ್ಸಿನವರೇ, ನಿನ್ನ ಹಾಗೆ ಪಿಜಿಯಲ್ಲೋ ಬಾಡಿಗೆ ರೂಮಿನಲ್ಲೋ ಇರುವವರು. ರಾತ್ರಿ ಎರಡಕ್ಕೆ ಎದ್ದು, ಕೂದಲು ಕಟ್ಟಿ, ಗಾಡಿಯಲ್ಲೇ ನಿದ್ದೆ ಮಾಡುತ್ತ ಬಂದವರು. ಏಳು ಅನ್ನೋ ಅಂಕಿ ಬರೆದವರು ಅವರಲ್ಲ.

ಈಗ ನಾನು ಹೇಳಲೇಬೇಕಾದದ್ದು. ಇದನ್ನು ಮನೆಯಲ್ಲಿ ಯಾರ ಹತ್ತಿರವೂ ಹೆಚ್ಚು ಮಾತಾಡಿದವಳಲ್ಲ.

1990ರ ಫೆಬ್ರವರಿ 14, ಬುಧವಾರ. ಮಧ್ಯಾಹ್ನ ಒಂದು ಗಂಟೆಯ ಸುಮಾರು. ಮುಂಬೈಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ 605, ಹೊಚ್ಚಹೊಸ ಏರ್‌ಬಸ್ ಎ320, ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪದೆ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದವರು 146 ಜನ. ಬೆಂಕಿ ಹತ್ತಿತು. 92 ಜನ ತೀರಿಕೊಂಡರು, 54 ಜನ ಬದುಕಿದರು. ನಾನು ಆ ಹೊತ್ತು ಮನೆಯಿಂದ ಪಾಳಿಗೆ ಹೊರಟಿದ್ದೆ. ದೊಮ್ಮಲೂರಿನ ಹತ್ತಿರ ಬಸ್ಸು ನಿಂತಿತು, ಎದುರಿಗೆ ಹೊಗೆ. ಮುಂದಿನ ಕೆಲವು ದಿನ ನಿಲ್ದಾಣದಲ್ಲಿ ನೆಂಟರ ಹೆಸರು ಕೇಳಿಕೊಂಡು ಬಂದವರ ಮುಖಗಳನ್ನು ನಾನು ಮರೆತಿಲ್ಲ. ಅಪಘಾತ ಯಾಕಾಯಿತು ಅನ್ನೋದು ಬೇರೆ ವಿಷಯ, ಅದಕ್ಕೂ ಕೈಚೀಲಕ್ಕೂ ಸಂಬಂಧವಿಲ್ಲ. ಆದರೆ ಅವತ್ತಿನಿಂದ ಆಸನಗಳ ನಡುವಿನ ಆ ಕಿರಿದಾದ ದಾರಿಯನ್ನು ನೋಡಿದಾಗಲೆಲ್ಲ ನನಗೆ ಅದು ಹೊರಬರುವ ದಾರಿಯಾಗಿಯೇ ಕಾಣುತ್ತದೆ. ಅದರಲ್ಲಿ ಒಂದು ಪೆಟ್ಟಿಗೆ ಅಡ್ಡ ಬಿದ್ದರೆ ಹಿಂದಿನವರಿಗೆ ಉಸಿರಿಲ್ಲ.

ದೊಡ್ಡ ವಿಮಾನಕ್ಕೆ ಪ್ರಮಾಣಪತ್ರ ಕೊಡುವಾಗ ಅರ್ಧ ಬಾಗಿಲು ಮುಚ್ಚಿ, ಉಳಿದ ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯಬಹುದೇ ಅಂತ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಯಲ್ಲಿ ಯಾರೂ ಬ್ಯಾಗು ಇಳಿಸಿಕೊಳ್ಳುತ್ತ ನಿಲ್ಲುವುದಿಲ್ಲ. ನಿಜದಲ್ಲಿ ನಿಲ್ಲುತ್ತಾರೆ. 2005ರ ಆಗಸ್ಟ್ 2ರಂದು ಟೊರಾಂಟೊದಲ್ಲಿ ಏರ್ ಫ್ರಾನ್ಸ್ ವಿಮಾನ ಜಾರಿ ಹಳ್ಳಕ್ಕಿಳಿದು ಉರಿಯುವಾಗಲೂ ಎಷ್ಟೋ ಜನ ಚೀಲ ಹಿಡಿದೇ ಇಳಿದರು. ಅಲ್ಲಿ 309 ಜನರೂ ಬದುಕಿದ್ದು ದೇವರ ದಯೆ. 2024ರ ಜನವರಿ 2ರಂದು ಟೋಕಿಯೊದ ಹನೇಡದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಡಿಕ್ಕಿ ಹೊಡೆದಾಗ ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ದೊಡ್ಡದರಲ್ಲಿ 379 ಜನ, ಎಂಟು ಬಾಗಿಲುಗಳಲ್ಲಿ ಬಳಕೆಗೆ ಬಂದದ್ದು ಮೂರೇ. ಎಲ್ಲ 379 ಜನರೂ ಹೊರಬಂದರು. ಆ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡಿದೆ. ಜಾರುಬಂಡೆಯ ಕೆಳಗೆ ಓಡುವ ಜನ, ಮಕ್ಕಳನ್ನು ಅವುಚಿಕೊಂಡವರು. ಬಹುಪಾಲು ಎಲ್ಲರದೂ ಬರಿಗೈ.

ನೀನು ಬರಿಗೈಯಲ್ಲಿ ಏಳಬಲ್ಲೆಯಾ? ಬ್ಯಾಗು ತುಂಬುವಾಗ ನಿನ್ನನ್ನು ನೀನೇ ಕೇಳಿಕೊಳ್ಳಬೇಕಾದದ್ದು ಇದೊಂದೇ. ಲ್ಯಾಪ್‌ಟಾಪು, ಅದರಲ್ಲಿರುವ ಕೆಲಸ, ಪದವಿಯ ಮೂಲಪತ್ರ, ಚಿನ್ನದ ಸರ, ಎಲ್ಲವನ್ನೂ ತಲೆಯ ಮೇಲಿನ ಖಾನೆಯಲ್ಲಿಟ್ಟು ಕೂತವಳ ಕೈ ತಾನಾಗಿಯೇ ಮೇಲೆ ಹೋಗುತ್ತದೆ. ಬುದ್ಧಿ ಬೇಡ ಅಂದರೂ ಕೈ ಕೇಳುವುದಿಲ್ಲ. ಆದ್ದರಿಂದ ಮೊದಲೇ ಹೀಗೆ ಮಾಡು. ಕೆಲಸದ ಫೈಲುಗಳನ್ನೆಲ್ಲ ಇನ್ನೊಂದು ಕಡೆ ಉಳಿಸಿ ಹೊರಡು. ಮೂಲಪತ್ರ ಬೇಕೇ ಬೇಕು ಅಂತ ಕೆಲಸ ಕೊಟ್ಟವರು ಬರೆದು ಕೇಳದಿದ್ದರೆ ನಕಲು ಸಾಕು. ಸರ ಇಲ್ಲೇ ಬಿಟ್ಟುಹೋಗು, ನಾನು ನೋಡಿಕೊಳ್ಳುತ್ತೇನೆ. ಹೋದರೆ ಅಳು ಬರುವಂಥ ಯಾವುದೂ ಆ ಖಾನೆಯಲ್ಲಿ ಇರಬಾರದು. ಬಟ್ಟೆ, ಚಪ್ಪಲಿ, ತಿಂಡಿಯ ಪೊಟ್ಟಣ, ಇಷ್ಟೇ ಇದ್ದರೆ ಅದು 7 ಕಿಲೊ ಆಗುವುದೂ ಇಲ್ಲ, ಅದನ್ನು ಬಿಟ್ಟೇಳಲು ಕಷ್ಟವೂ ಇಲ್ಲ.

ಉಳಿದದ್ದು ಮೈಮೇಲೆ. ಅದಕ್ಕೇ ನಮ್ಮಮ್ಮನ ಸಂಚಿಯ ಮಾತೆತ್ತಿದ್ದು. ಕಂಟೋನ್ಮೆಂಟ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಒಮ್ಮೆ ನಮ್ಮ ಟ್ರಂಕು ಹತ್ತದೆ ರೈಲು ಹೊರಟುಬಿಟ್ಟಿತು. ನಾವು ಮಕ್ಕಳು ಕಿರುಚಿದೆವು. ಅಮ್ಮ ಸೊಂಟ ಮುಟ್ಟಿ ನೋಡಿಕೊಂಡಳು, ನಮ್ಮ ತಲೆ ಎಣಿಸಿದಳು, ಕೂತುಕೊಂಡಳು. ಟ್ರಂಕು ಮರುದಿನ ಸಂಜೆ ಬಂಗಾರಪೇಟೆಗೆ ಬಂತು.

ಅವಳ ಸಂಚಿ ಬೀರುವಿನಲ್ಲಿ ಇದೆ, ಬಟ್ಟೆ ಜೀರ್ಣವಾಗಿದೆ. ಅದರ ಅಳತೆಗೆ ನಿನಗೊಂದು ಹೊಲಿಯುತ್ತಿದ್ದೇನೆ. ಹಳೇ ಇಳಕಲ್ ಸೀರೆಯ ತುಂಡು, ಒಳಗೆ ದಪ್ಪ ಕಾಟನ್ನಿನ ಅಸ್ತರು. ನಾಲ್ಕು ಮಡಿಕೆ: ಗುರುತಿನ ಚೀಟಿ ಮತ್ತು ಕಾರ್ಡು, ಕನ್ನಡಕ, ನಿನ್ನ ಮೈಗ್ರೇನ್ ಮಾತ್ರೆ, ಫೋನು. ಕುರ್ತಾದ ಒಳಗೆ ಅಡ್ಡಲಾಗಿ ಹಾಕಿಕೊಂಡರೆ ಹೊರಗೆ ಕಾಣುವುದಿಲ್ಲ. ತಪಾಸಣೆಯಲ್ಲಿ ತೆಗೆದು ತಟ್ಟೆಗೆ ಹಾಕು, ಮತ್ತೆ ಹಾಕಿಕೊ. ಶನಿವಾರ ಬೆಳಗ್ಗೆ ಮೆಟ್ರೊ ಹತ್ತಿ ಹಲಸೂರಿಗೆ ಬಾ, ತುಂಬಿದ ಬ್ಯಾಗನ್ನೂ ತಾ, ಮೊಳೆಯ ತಕ್ಕಡಿಗೆ ಹಾಕೋಣ. ಚಟ್ನಿಪುಡಿ ಅರ್ಧ ಕಿಲೊ ಮಾತ್ರ ಕಟ್ಟಿದ್ದೇನೆ, ಉಳಿದದ್ದು ನಿಮ್ಮಪ್ಪ ತಿಂಗಳ ಕೊನೆಗೆ ಬರುವಾಗ ತರುತ್ತಾನೆ.

ಸಂಚಿಯ ಬಾಯಿಗೆ ಜಿಪ್ ಬೇಕೋ, ಅಮ್ಮನದರ ಹಾಗೆ ದಾರವೇ ಸಾಕೋ, ಗುರುವಾರದೊಳಗೆ ಹೇಳು. ದಾರವಾದರೆ ಶಿವಾಜಿನಗರಕ್ಕೆ ಹೋಗಿ ತರಬೇಕು.

ನಿನ್ನ ಅಜ್ಜಿ